ಸ್ಕ್ಯಾನ್ ನಾರ್ಮಲ್, ಆದ್ರೆ ನೋವು ಹೋಗಿಲ್ಲ

ನಾನು ಫಿಸಿಯೋಥೆರಪಿಸ್ಟ್, ಹೆಂಗಸರ ಕಿಬ್ಬೊಟ್ಟೆ ನೋವಿನ ಕೇಸ್‌ಗಳನ್ನೇ ಜಾಸ್ತಿ ನೋಡೋದು. ಒಬ್ಬ ಅಕ್ಕನ ಕೇಸ್ ಬಗ್ಗೆ ಬರೀತೀನಿ, ಯಾಕಂದ್ರೆ ನಾನು ಮಾಡಿದ ಒಂದು ತಪ್ಪು ನಂಗೆ ಸರಿಯಾಗಿ ಅರ್ಥ ಆಗಿದ್ದು ಅವರಿಂದಾನೇ.

ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಕೆಲಸ, ಮೂವತ್ತು ದಾಟಿದ ವಯಸ್ಸು, ಎರಡು ಮಕ್ಕಳು. ಮೂರು ವರ್ಷದಿಂದ ನೋವು. ಕವರ್ ತುಂಬಾ ರಿಪೋರ್ಟು ತಂದಿದ್ರು, ಸ್ಕ್ಯಾನ್‌ಗಳೆಲ್ಲ ನಾರ್ಮಲ್, ಯೂರಿನ್ ಕಲ್ಚರ್‌ನಲ್ಲಿ ಏನೂ ಬೆಳೆದಿಲ್ಲ, ಅಂದ್ರೆ ಸೋಂಕು ಕಂಡಿಲ್ಲ, ಆದ್ರೂ ಮೂರು ಸಲ ಆ್ಯಂಟಿಬಯಾಟಿಕ್ ಕೋರ್ಸ್ ಮುಗಿಸಿದ್ರು. ಒಂದು ಕಡೆ "ಮಕ್ಕಳಾಗಿದೆಯಲ್ಲ, ಗರ್ಭಕೋಶ ತೆಗೆಸಿಬಿಡಿ" ಅಂದಿದ್ರಂತೆ. ಈ ಮಾತು ಕೇಳಿದ್ರೆ ನಂಗೆ ಹೊಟ್ಟೆ ಉರಿಯುತ್ತೆ, ನೋವು ಎಲ್ಲಿಂದ ಬರ್ತಿದೆ ಅಂತಾನೇ ಗೊತ್ತಿಲ್ದೆ ತೆಗೆಸೋದು ಏನು?

ಮೊದಲ ದಿನ ನಾನು ಮುಟ್ಟಲ್ಲ, ಬರೀ ಕೇಳ್ತೀನಿ. ನೋವು ಮುಟ್ಟಿನ ಟೈಮಲ್ಲಿ ಜಾಸ್ತಿನಾ, ಸಂಡಾಸ್‌ಗೆ ಹೋದಾಗ ನೋಯುತ್ತಾ, ಗಂಡನ ಜೊತೆ ಸೇರಿದಾಗ? ಕೊನೇ ಪ್ರಶ್ನೆಗೆ ತಲೆ ತಗ್ಗಿಸಿ ಸುಮ್ನೆ ಕೂತ್ರು, ಆಮೇಲೆ "ಅದನ್ನ ಯಾರೂ ಕೇಳೇ ಇರಲಿಲ್ಲ ಮೇಡಂ" ಅಂದ್ರು. ಇನ್ನೊಂದು ವಿಷಯನೂ ಆಗ್ಲೇ ಹೊರಗೆ ಬಂತು, ಕೆಲಸದಲ್ಲಿ ಟಾಯ್ಲೆಟ್‌ಗೆ ಎದ್ದು ಹೋದ್ರೆ ಪೀಸ್ ಕಮ್ಮಿ ಆಗುತ್ತೆ ಅಂತ ನೀರೇ ಕುಡಿಯಲ್ಲ, ಬೆಳಗ್ಗಿಂದ ಸಂಜೆ ತನಕ ತಡ್ಕೊಂಡಿರ್ತಾರೆ.

ಎರಡನೇ ಸಲ ಬಂದಾಗ ಅವರ ಒಪ್ಪಿಗೆ ತಗೊಂಡು, ಯಾವಾಗ ಬೇಕಾದ್ರೂ ನಿಲ್ಸಿ ಅನ್ನಬಹುದು ಅಂತ ಹೇಳಿ, ಗ್ಲೌಸ್ ಹಾಕಿ ಒಂದೇ ಬೆರಳಲ್ಲಿ ಒಳಗಡೆ ನೋಡ್ದೆ. ಮುಂದಿನ ಮೂಳೆಯಿಂದ ಹಿಂದೆ ಬಾಲಮೂಳೆ ತನಕ ಜೋಲಿ ಕಟ್ಟಿದ ಹಾಗೆ ಸ್ನಾಯುಗಳಿರ್ತವೆ, ಪೆಲ್ವಿಕ್ ಫ್ಲೋರ್ ಅಂತೀವಿ. ಎಡಗಡೆ ಅದು ಹಗ್ಗದ ಥರ ಬಿಗಿದಿತ್ತು. ಮೆಲ್ಲಗೆ ಒತ್ತಿದ ತಕ್ಷಣ "ಇದೇ, ಇದೇ ನೋವು" ಅಂತ ಅತ್ತುಬಿಟ್ರು. ಮೂರು ವರ್ಷ ಆದ್ಮೇಲೆ ನೋವಿಗೊಂದು ಜಾಗ ಸಿಕ್ತು.

ಈಗ ನನ್ನ ತಪ್ಪು. ಪ್ರಾಕ್ಟೀಸ್ ಶುರು ಮಾಡಿದ ಹೊಸದರಲ್ಲಿ ಯಾರು ಬಂದ್ರೂ ಕೆಗೆಲ್ (ಈ ಪೆಲ್ವಿಕ್ ಫ್ಲೋರ್ ಸ್ನಾಯುಗಳನ್ನ ಬಿಗಿ ಹಿಡಿದು ಬಿಡೋ ವ್ಯಾಯಾಮ) ಮಾಡಿ ಅಂತಿದ್ದೆ. ಈ ಅಕ್ಕನೂ ಮೊಬೈಲ್‌ನಲ್ಲಿ ನೋಡ್ಕೊಂಡು ದಿನಾ ಕೆಗೆಲ್ ಮಾಡ್ತಿದ್ರು, ಅದಾದ್ಮೇಲೇ ನೋವು ಹೆಚ್ಚಾಗಿತ್ತು. ಮೊದ್ಲೇ ಬಿಗಿದಿರೋ ಸ್ನಾಯುವನ್ನ ಇನ್ನೂ ಬಿಗಿ ಮಾಡಿದ್ರೆ ಇನ್ನೇನಾಗುತ್ತೆ. ಅವತ್ತು ನಂಗೆ ಹಳೇ ಪೇಷಂಟ್‌ಗಳೆಲ್ಲ ನೆನಪಾದ್ರು, ಎಷ್ಟು ಜನಕ್ಕೆ ಹೀಗೆ ನೋವು ಜಾಸ್ತಿ ಮಾಡಿದೀನೋ ಅಂತ.

ಕೆಗೆಲ್ ನಿಲ್ಸಿ, ಉಸಿರಿಂದ ಶುರು ಮಾಡಿದ್ವಿ. ಮಂಡಿ ಮಡಚಿ ಮಲಗಿ, ಕೈ ಹೊಟ್ಟೆ ಮೇಲಿಟ್ಟು ಉಸಿರು ಒಳಗೆ ತಗೊಂಡಾಗ ಹೊಟ್ಟೆ ಉಬ್ಬಬೇಕು, ಕೆಳಗಿನ ಜೋಲಿ ಸಡಿಲಾಗಿ ಕೆಳಗಿಳೀಬೇಕು, ಉಚ್ಚೆ ಬಿಡುವಾಗ ತಾನಾಗೇ ಸಡಿಲ ಆಗುತ್ತಲ್ಲ ಹಾಗೆ, ತಿಣುಕಬಾರದು. ಬಾಲಾಸನ, ಬಿಸಿನೀರಿನ ಬ್ಯಾಗು. ವಾರಕ್ಕೊಂದು ಸಲ ನಾನು ಎಡಗಡೆ ಬಿಗಿದಿದ್ದ ಆ ಜಾಗದ ಮೇಲೆ ಬೆರಳಿಟ್ಟು ಅದು ಮೆತ್ತಗಾಗೋ ತನಕ ಕಾಯ್ತಿದ್ದೆ. ನೀರು ಕುಡಿದು ಎರಡು ಮೂರು ಗಂಟೆಗೊಮ್ಮೆ ಎದ್ದು ಹೋಗ್ಲೇಬೇಕು ಅಂತ ಹೇಳ್ದೆ, ಅದಕ್ಕೆ ಸೂಪರ್‌ವೈಸರ್ ಒಪ್ಪೋಕೆ ಚೀಟಿ ಬರ್ಕೊಡಬೇಕಾಯ್ತು.

ಆದ್ರೆ ಸ್ನಾಯು ಒಂದೇ ಅಲ್ಲ. ಮೊದಲ ದಿನ ಕೇಳಿದಾಗ ಮುಟ್ಟಲ್ಲಿ ಸಂಡಾಸ್‌ಗೆ ಹೋಗುವಾಗ ನೋವು ಅಂದಿದ್ರು, ಅದು ಎಂಡೋಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥದ್ದೇ ಪದರ ಗರ್ಭಕೋಶದ ಹೊರಗೆ ಬೆಳೆಯೋ ಕಾಯಿಲೆ, ಚಿಕ್ಕದಾಗಿ ಎಂಡೋ) ಇರಬಹುದು ಅನ್ನಿಸಿ ಗೈನಕಾಲಜಿಸ್ಟ್ ಹತ್ರ ಕಳಿಸ್ದೆ. ತೆಳುವಾಗಿ ಅಂಟ್ಕೊಂಡಿರೋ ಎಂಡೋ ಸ್ಕ್ಯಾನ್‌ಗೆ ಸಾಮಾನ್ಯವಾಗಿ ಕಾಣಲ್ಲ, ಸ್ಕ್ಯಾನ್ ನಾರ್ಮಲ್ ಅಂದ್ರೆ ಕಾಯಿಲೆ ಇಲ್ಲ ಅಂತಲ್ಲ. ಮೊದಲೆಲ್ಲ ಲ್ಯಾಪ್ರೋಸ್ಕೋಪಿ (ಹೊಟ್ಟೆಗೆ ಸಣ್ಣ ತೂತು ಮಾಡಿ ಕ್ಯಾಮೆರಾ ಹಾಕಿ ನೋಡೋದು) ಮಾಡಿ ನೋಡಿದ್ರೇನೇ ಖಚಿತ ಅಂತಿದ್ರು, 2022ರ ಯುರೋಪಿಯನ್ ಗೈಡ್‌ಲೈನ್ ಆದ್ಮೇಲೆ ಲಕ್ಷಣ ನೋಡಿ ಔಷಧಿ ಶುರು ಮಾಡಬಹುದು ಅಂತಾಗಿದೆ. ಇವರಿಗೂ ಡೈಯನೋಜೆಸ್ಟ್ ಅನ್ನೋ ಹಾರ್ಮೋನ್ ಮಾತ್ರೆ ಕೊಟ್ರು. (ಮುಟ್ಟು ತಪ್ಪಿದಾಗ ಇದ್ದಕ್ಕಿದ್ದಂಗೆ ನೋವು, ಜ್ವರದ ಜೊತೆ ನೋವು, ಮುಟ್ಟು ನಿಂತ ಮೇಲೆ ರಕ್ತ ಹೋಗೋದು, ಇವುಕ್ಕೆಲ್ಲ ನನ್ನಂಥೋರ ಹತ್ರ ಬರಬೇಡಿ, ನೇರ ಆಸ್ಪತ್ರೆಗೆ ಹೋಗಿ.)

ಮೂರು ತಿಂಗಳಲ್ಲಿ ಹತ್ತಕ್ಕೆ 8 ಇದ್ದ ನೋವು 3ಕ್ಕೆ ಬಂತು. ಪೂರ್ತಿ ಹೋಗಿಲ್ಲ. ಟಾರ್ಗೆಟ್ ಜಾಸ್ತಿ ಇರೋ ವಾರ ಎಡಗಡೆ ಮತ್ತೆ ಹಿಡ್ಕೊಳುತ್ತೆ, ಆಗ ಮೆಷಿನ್ ನಿಲ್ಸಿ ಐದು ಉಸಿರು ತಗೊಂಡು ಟಾಯ್ಲೆಟ್‌ಗೆ ಹೋಗಿ ಬರ್ತಾರಂತೆ, ಈಗ ಪಕ್ಕದ ಮೆಷಿನ್ ಹುಡುಗಿನೂ ಜೊತೆಗೆ ಎದ್ದು ಹೋಗ್ತಾಳಂತೆ.