ಉಪ್ಪಿನ ಪ್ಯಾಕೆಟ್ ಮೇಲೆ ತಾರೀಖು ಬರೆದ ಮೇಲೆ

ಅಜ್ಜ ಅಜ್ಜಿಯರ ಬಿಪಿ ಅಡುಗೆಮನೆಯಲ್ಲಿದೆ ಅಂತ ನಾನು ಹೇಳಿದಾಗ ತಿಂಗಳ ಮೀಟಿಂಗಿನಲ್ಲಿ ನಕ್ಕಿದ್ದರು. ‘ಮಾತ್ರೆ ಕೊಟ್ಟು ಎಂಟ್ರಿ ಮಾಡಿ ಸಾಕು’ ಅಂದರು. ಮಂಡ್ಯ ಕಡೆಯ ಉಪಕೇಂದ್ರವೊಂದರಲ್ಲಿ ನಾನು ಸಿಎಚ್‌ಒ, ಅಂದರೆ ಸಮುದಾಯ ಆರೋಗ್ಯ ಅಧಿಕಾರಿ. 60 ದಾಟಿದ ಬಿಪಿಯವರು ಹೆಚ್ಚುಕಮ್ಮಿ 70 ಮಂದಿ. ಆಗ 140/90ರ ಒಳಗಿದ್ದವರು 20 ಜನವೂ ಇರಲಿಲ್ಲ. ಈಗ 50ರ ಹತ್ತಿರ.

ಮೊದಲು ಮಾಡಿದ್ದೆಲ್ಲ ದಂಡ. ಮಾತ್ರೆ ನುಂಗಿದ ದಿನ ಗುರುತು ಹಾಕಲಿ ಅಂತ ಕೈಯಿಂದ ಸುಮಾರು 1,400 ರೂಪಾಯಿ ಹಾಕಿ ಚಾರ್ಟ್ ಮಾಡಿಸಿದೆ. 12ನೇ ತಾರೀಖು ಹೋಗಿ ನೋಡಿದರೆ ಒಬ್ಬ ಅಜ್ಜ 30ರವರೆಗೂ ಗೀಚಿಟ್ಟಿದ್ದಾರೆ! ‘ದಿನಾ ಪೆನ್ ಹುಡುಕ್ಬೇಕಲ್ಲ ಸಿಸ್ಟರ್, ಒಂದೇ ಸಲ ಹಾಕ್ಬಿಟ್ಟೆ.’ ಆಮೇಲೆ ಮನೆಮನೆಗೆ ತಿರುಗಲಿ ಅಂತ 1,800 ಕೊಟ್ಟು ಬಿಪಿ ಮೆಷಿನ್ ತಂದೆ. ಅದರ ಸೆಲ್ ಟಿವಿ ರಿಮೋಟಿಗೆ ಹೋಯಿತು.

ಕೊನೆಗೆ ಒಲೆ ಪಕ್ಕ ಹೋಗಿ ಕೂತೆ. ಒಡೆದ ದಿನ ಉಪ್ಪಿನ ಪ್ಯಾಕೆಟ್ ಮೇಲೆ ತಾರೀಖು ಬರೆಯಿರಿ ಅಂದೆ, ಅಷ್ಟೇ. ಐದು ಜನಕ್ಕೆ ದಿನಕ್ಕೆ ತಲೆಗೆ 5 ಗ್ರಾಂ ಅಂದರೆ ಒಂದು ಕೆಜಿ 40 ದಿನ ಬರಬೇಕು. ಒಂದು ಮನೆಯಲ್ಲಿ 17 ದಿನಕ್ಕೇ ಖಾಲಿ. ಸೊಸೆ, ‘ಹಸುಗೂ ಹಾಕ್ತೀವಿ ಸಿಸ್ಟರ್’ ಅಂದಳು. ಸರಿ, ಹಸುವಿಗೆ ಬೇರೆ ಡಬ್ಬಿ. ಆದರೂ 25 ದಾಟಲಿಲ್ಲ. ಆಗ ಉಪ್ಪಿನಕಾಯಿ ಜಾಡಿಯ ಲೆಕ್ಕ ಹೊರಬಂತು.

ಅದೇ ಅಡುಗೆಮನೆಯಲ್ಲಿ ಇನ್ನೊಂದು ಸಿಕ್ಕಿತು. ಅಜ್ಜಿಗೆ ಡಾಕ್ಟರು ಬಿಪಿ ಮಾತ್ರೆ ಅಮ್ಲೋಡಿಪಿನ್ 5ರಿಂದ 10 ಮಿ.ಗ್ರಾಂಗೆ ಏರಿಸಿದ್ದರು. ಕಾಲು ಊದಿತೇ ಹೊರತು ಬಿಪಿ 170ರಿಂದ ಇಳಿಯಲಿಲ್ಲ. ಸೊಸೆ ಮೆಲ್ಲಗೆ ಸಾಸಿವೆ ಡಬ್ಬಿ ತೆಗೆದು ತೋರಿಸಿದಳು: ಮಂಡಿನೋವಿಗೆ ಅಂಗಡಿಯಿಂದ ತಂದ ಡೈಕ್ಲೋಫೆನಾಕ್, ದಿನಕ್ಕೆರಡು. ಈ ನೋವಿನ ಮಾತ್ರೆ ಬಿಪಿ ಏರಿಸುತ್ತೆ. ಡಾಕ್ಟರು ಅದನ್ನು ನಿಲ್ಲಿಸಿ, ಅಮ್ಲೋಡಿಪಿನ್ ಮತ್ತೆ 5ಕ್ಕೆ ಇಳಿಸಿದರು. ಮೂರ್ನಾಲ್ಕು ವಾರಕ್ಕೆ 140ರ ಆಚೀಚೆ ಬಂತು. ಓಪಿಡಿಯಲ್ಲಿ ನೂರು ಸಲ ಕೇಳಿದ್ದರೂ ಅಜ್ಜಿ ಬಾಯಿ ಬಿಡುತ್ತಿರಲಿಲ್ಲ.

ಅತ್ತೆ ಎದುರಿಗೇ ಇದ್ದಾಗ ಸೊಸೆಯ ಬಾಯಿ ಬಿಡಿಸೋದು ಹೇಗೆ? ಅದನ್ನು ಮಾತ್ರ ಬರೆಯಲ್ಲ, ನಮ್ಮೂರಿನವರೂ ಓದ್ತಾರೆ.

ನಡುವೆ ಕಡಿಮೆ ಸೋಡಿಯಂ ಉಪ್ಪಿನ ಹುಚ್ಚೂ ಹಿಡಿದಿತ್ತು. ನಾಲ್ಕು ಪ್ಯಾಕೆಟ್ ತಂದೂ ಆಗಿತ್ತು. ಅದರಲ್ಲಿ ಪೊಟ್ಯಾಸಿಯಂ ಇದೆ, ಕಿಡ್ನಿ ವೀಕ್ ಇರೋರಿಗೆ, ಟೆಲ್ಮಿಸಾರ್ಟನ್ ಅನ್ನೋ ಬಿಪಿ ಮಾತ್ರೆ ತಗೊಳ್ಳೋರಿಗೆ ಸುಮ್ನೆ ಹಂಚಬೇಡಿ ಅಂತ ಡಾಕ್ಟರು ಬೈದರು. ಪ್ಯಾಕೆಟ್‌ಗಳು ಇನ್ನೂ ನನ್ನ ಮನೆಯಲ್ಲೇ ಇವೆ.

ಚಾರ್ಟ್ ಗೀಚಿದ ಅಜ್ಜ ಮಾತ್ರ ಬಗ್ಗಿಲ್ಲ. ಸ್ಟ್ರಿಪ್ ಕಾಯೋ ಕೆಲಸ ಏಳನೇ ಕ್ಲಾಸಿನ ಮೊಮ್ಮಗಳದು, ಒಂದು ಮಾತ್ರೆಯೂ ತಪ್ಪುತ್ತಿಲ್ಲ. ಮನೆಯಲ್ಲಿ ಉಪ್ಪೂ ಕಮ್ಮಿ. ಹೋದ ವಾರ ನೋಡಿದರೆ 156. ಮಧ್ಯಾಹ್ನ ಎದುರು ಮನೆಗೆ ಹೋಗಿ ಮುದ್ದೆ, ಉಪ್ಪೆಸರು ಹೊಡೆದು ಬರುತ್ತಾರಂತೆ. ಈ ವಾರ ಎದುರು ಮನೆಯ ಒಲೆ ಪಕ್ಕ ಕೂರಬೇಕು.