ಹೆಣ್ಣು ಜೀರುಂಡೆ ನಡೆಯದ ನಾಲ್ಕು ವಾರ

ನರವಿಜ್ಞಾನಿ ಎಂದ ಕೂಡಲೇ ಜನ ನೆನಪಿನ ಶಕ್ತಿಗೆ ಏನು ತಿನ್ನಬೇಕು ಎಂದು ಕೇಳುತ್ತಾರೆ. ನನಗೆ ಗೊತ್ತಿಲ್ಲ. ನನ್ನ ಇಪ್ಪತ್ತು ವರ್ಷ ಹೋದದ್ದು ರಾತ್ರಿಯೆಲ್ಲ ಕಿರ್ರೆನ್ನುವ ಜೀರುಂಡೆಯ ಹಿಂದೆ.

ಇವುಗಳಲ್ಲಿ ಹಾಡುವುದು ಗಂಡು. ಮುಂದಿನ ಎರಡು ರೆಕ್ಕೆಗಳನ್ನು ಒಂದಕ್ಕೊಂದು ಉಜ್ಜಿ. ಕಿವಿ ಇರುವುದು ಮುಂಗಾಲುಗಳಲ್ಲಿ, ಮೊಣಕಾಲಿನ ಸ್ವಲ್ಪ ಕೆಳಗೆ. ಸೂಕ್ಷ್ಮದರ್ಶಕದಲ್ಲಿ ಆ ಮೊಟ್ಟೆಯಾಕಾರದ ತೆಳು ಪೊರೆಯನ್ನು ಮೊದಲ ಸಲ ಕಂಡ ದಿನವೇ ನನ್ನ ಸಂಶೋಧನೆಯ ವಿಷಯ ನಿಗದಿಯಾಗಿಹೋಯಿತು. ಇನ್ನೊಂದು ಅನುಕೂಲವೂ ಇತ್ತು. ಒಂದು ಹುಳುವಿನಲ್ಲಿ ಕಂಡ ನರಕೋಶವನ್ನು ಮತ್ತೊಂದು ಹುಳುವಿನಲ್ಲಿ ಅದೇ ಜಾಗದಲ್ಲಿ, ಅದೇ ಆಕಾರದಲ್ಲಿ ಹುಡುಕಬಹುದು. ಎದೆಯ ಮೊದಲ ನರಗಂಟಿನಲ್ಲಿ (ನರಕೋಶಗಳ ಗೊಂಚಲಿನಲ್ಲಿ) ಗ್ರೀಕ್ ಅಕ್ಷರ ಓಮೆಗಾದಂತೆ ಬಾಗಿದ ಕೋಶವೊಂದಿದೆ, ಎಡಕ್ಕೊಂದು ಬಲಕ್ಕೊಂದು. ಒಂದು ಕಡೆಯದು ಇನ್ನೊಂದು ಕಡೆಯದರ ಚಟುವಟಿಕೆಯನ್ನು ಅದುಮುತ್ತದೆ. ಹಾಡು ಯಾವ ದಿಕ್ಕಿನಿಂದ ಬಂತೆಂಬ ವ್ಯತ್ಯಾಸ ಇದರಿಂದ ಇನ್ನಷ್ಟು ಎದ್ದು ಕಾಣುತ್ತದೆ.

ಹುಳುವನ್ನು ನೋಡುವ ಮೊದಲೇ ಕೋಶಕ್ಕೆ ಕೈಹಾಕಿದ್ದು ನನ್ನ ತಪ್ಪು. ಗಾಜಿನ ನಳಿಕೆಯನ್ನು ಕಾಯಿಸಿ ಎಳೆದರೆ ತುದಿ ಎಷ್ಟು ಸಣ್ಣಗಾಗುತ್ತದೆಂದರೆ, ಮುರಿದಿದೆಯೋ ಇಲ್ಲವೋ ಕಣ್ಣಿಗೆ ಗೊತ್ತಾಗದು. ಅದಕ್ಕೆ ಪೊಟ್ಯಾಸಿಯಂ ಲವಣದ ದ್ರಾವಣ ತುಂಬಿ, ಕೋಶದ ವಿದ್ಯುತ್ತನ್ನು ಅಳೆಯಲು ಅದರೊಳಕ್ಕೆ ಮೈಕ್ರಾನ್ ಮೈಕ್ರಾನಾಗಿ ಇಳಿಸಬೇಕು. ಮೊದಲ ಮೂರು ತಿಂಗಳು ನಾನು ದಾಖಲಿಸಿದ್ದು ಗೋಡೆಯೊಳಗಿನ ಕರೆಂಟನ್ನು: 50 ಹರ್ಟ್ಸ್‌ನ ಅಚ್ಚುಕಟ್ಟಾದ ಅಲೆ! ತಂತಿಜಾಲದ ಗೂಡು ಕಟ್ಟಿ, ಟ್ಯೂಬ್‌ಲೈಟ್ ಆರಿಸಿ, ಕತ್ತಲಲ್ಲಿ ಕೂತ ಮೇಲೆ ಒಂದು ರಾತ್ರಿ ಪರದೆಯ ಗೆರೆ ಥಟ್ಟನೆ ಮೈನಸ್ 60 ಮಿಲಿವೋಲ್ಟ್‌ನ ಹತ್ತಿರಕ್ಕೆ ಬಿತ್ತು: ತುದಿ ಕೋಶದೊಳಗೆ ಹೊಕ್ಕಿತ್ತು. ಹಾಡು ಕೇಳಿಸಿದೆ. ಪ್ರತಿ ತುಡಿತಕ್ಕೂ ಕೋಶ ಟಪಟಪ ಎಂದಿತು. ಆ ರಾತ್ರಿ ನಿದ್ದೆ ಬರಲಿಲ್ಲ.

ಕೋಶ ಉತ್ತರ ಕೊಟ್ಟಿತು, ಸರಿ. ಆದರೆ ಹುಳು? ಗಾಳಿಯ ಮೇಲೆ ತೇಲುವ ಥರ್ಮಾಕೋಲ್ ಚೆಂಡೊಂದರ ಮೇಲೆ ಹೆಣ್ಣನ್ನು ನಿಲ್ಲಿಸಿ, ಬೆನ್ನಿಗೆ ಮೇಣದಲ್ಲಿ ಸಣ್ಣ ಕಡ್ಡಿ ಅಂಟಿಸಿ ಹಿಡಿದರೆ, ಅದು ನಡೆಯುವಾಗ ಚೆಂಡು ಉರುಳುತ್ತದೆ. ಯಾವ ಕಡೆ ತಿರುಗಿತೆಂದು ಅಳೆಯಬಹುದು. ಎಡ ಸ್ಪೀಕರಿನಲ್ಲಿ ಹಾಡು ಹಾಕಿದರೆ ಎಡಕ್ಕೆ ತಿರುಗಬೇಕು. ನಾಲ್ಕು ವಾರ ಒಂದೂ ಸರಿಯಾಗಿ ತಿರುಗಲಿಲ್ಲ. ಸ್ಪೀಕರ್ ಬದಲಿಸಿದೆ, ಮೇಣ ಬದಲಿಸಿದೆ, ಹುಳುಗಳನ್ನೂ ಬೈದೆ. ಕೊನೆಗೆ ಬೆವರುತ್ತಾ ಒಳಗೆ ಬಂದ ಸಹೋದ್ಯೋಗಿಯೊಬ್ಬರು, 'ಇದೇನು ಇಷ್ಟು ಥಂಡಿ ಇಟ್ಟಿದ್ದೀರಿ?' ಎಂದರು.

ಅಲ್ಲೇ ಇತ್ತು ಗುಟ್ಟು. ಜೀರುಂಡೆಗೆ ತನ್ನದೇ ಮೈಬಿಸಿ ಇಲ್ಲ. ಸೆಕೆಯಲ್ಲಿ ರೆಕ್ಕೆ ಬೇಗ ಬಡಿಯುತ್ತದೆ, ಚಳಿಯಲ್ಲಿ ನಿಧಾನ. ಕೇಳುವ ಹೆಣ್ಣಿನ ಆಯ್ಕೆಯೂ ಅದರ ಜೊತೆಗೇ ಜಾರುತ್ತದೆ. ನಾನು ಬೆಚ್ಚಗಿನ ಕೋಣೆಯಲ್ಲಿ ಧ್ವನಿಮುದ್ರಿಸಿದ ಹಾಡನ್ನು ತಣ್ಣನೆಯ ಕೋಣೆಯ ಹೆಣ್ಣಿಗೆ ಕೇಳಿಸುತ್ತಿದ್ದೆ. ಅವಳ ಪಾಲಿಗೆ ಅದು ಬೇರೆ ಯಾವುದೋ ಜಾತಿಯವನ ಹಾಡು! ಕೋಣೆ ಬಿಸಿಯಾದ ಮಧ್ಯಾಹ್ನವೇ ಚೆಂಡು ಎಡಕ್ಕೆ ಉರುಳಿತು.

ಗಂಡು ತನ್ನ ಹಾಡಿಗೆ ತಾನೇ ಕಿವುಡಾಗುವುದಿಲ್ಲವೇಕೆ ಎಂಬ ಪ್ರಶ್ನೆಯೂ ಹೀಗೆಯೇ. ಅವನ ಕಿವಿಯ ಬಳಿ ಸದ್ದು ಸುಮಾರು 100 ಡೆಸಿಬೆಲ್. ನರವಿಜ್ಞಾನಿಗಳಾದ ಜೇಮ್ಸ್ ಪೌಲೆಟ್ ಮತ್ತು ಬರ್ತೋಲ್ಡ್ ಹೆಡ್ವಿಗ್ 2002ರಲ್ಲಿ ಒಂದು ರೆಕ್ಕೆ ತೆಗೆದು ಸದ್ದಿಲ್ಲದೆ 'ಹಾಡುವ' ಗಂಡುಗಳಲ್ಲೂ ಕೇಳುವ ಕೋಶಗಳು ರೆಕ್ಕೆಯ ತಾಳಕ್ಕೆ ಸರಿಯಾಗಿ ಅದುಮಲ್ಪಡುವುದನ್ನು ತೋರಿಸಿದರು. ಹಾಡಿಸುವ ನರಗಳಿಂದ ಕೇಳುವ ಕೋಶಗಳಿಗೆ ಅದುಮುವ ಆ ಸೂಚನೆ ಒಯ್ಯುವ ಒಂದೇ ಒಂದು ನರಕೋಶವನ್ನು 2006ರಲ್ಲಿ ಗುರುತಿಸಿದರು. ಸುಮ್ಮನೆ ಬಿದ್ದಿರುವ ಹುಳುವಿನಲ್ಲಿ ಎಷ್ಟು ಚುಚ್ಚಿದರೂ ಇದು ಸಿಗುತ್ತಿರಲಿಲ್ಲ. ಓದಿದಾಗ ಸ್ವಲ್ಪ ಹೊಟ್ಟೆಕಿಚ್ಚೂ ಆಯಿತೆನ್ನಿ.

ಈಗ ನನ್ನ ವಿದ್ಯಾರ್ಥಿಗಳಿಗೆ ಮೊದಲ ಎರಡು ತಿಂಗಳು ಗಾಜಿನ ನಳಿಕೆ ಕೊಡುವುದಿಲ್ಲ. ಕೆಂಪು ದೀಪದಲ್ಲಿ ಕೂತು ನೋಡಿ ಬರೆಯುತ್ತಾರೆ. ಬೇಜಾರು ಅಂತ ಗೊಣಗುತ್ತಾರೆ. ಕಳೆದ ವಾರ ಒಬ್ಬಳು ಪುಸ್ತಕ ಹಿಡಿದು ಬಂದಳು: 'ಮೇಡಂ, ನಿನ್ನೆ ಕೂಡಿದ ಹೆಣ್ಣುಗಳು ಇವತ್ತು ಹಾಡಿಗೆ ತಿರುಗುತ್ತಲೇ ಇಲ್ಲ. ಕಿವಿ ಕೇಳಿಸುತ್ತಿದೆಯೋ ಇಲ್ಲವೋ?' ನಳಿಕೆ ಎಳೆಯುವ ಯಂತ್ರದ ಬೀಗದ ಕೈ ಅವಳಿಗೆ ಕೊಟ್ಟೆ.