ವಿಯೊನೆ ತೋರಿದ ಕ್ರಾಸ್ ಕಟ್: ಮೈಗೆ ಹೊಂದಿ ಬೀಳುವ ಸ್ಕರ್ಟ್ ಹೊಲಿಯುವುದು ಹೇಗೆ

1920, 30ರ ದಶಕಗಳಲ್ಲಿ ಪ್ಯಾರಿಸ್ಸಿನ ಸಿರಿವಂತ ಹೆಂಗಸರು ಮೈಮೇಲೆ ಹಗುರಾಗಿ ಜಾರುವ ಗೌನು ತೊಟ್ಟರಲ್ಲ, ಅದರ ಹಿಂದೆ ಇದ್ದದ್ದು ಮ್ಯಾಡಲೀನ್ ವಿಯೊನೆ ಅವರ ಕೈಚಳಕ. 1876ರಲ್ಲಿ ಹುಟ್ಟಿದ ಅವರು ಎಳವೆಯಲ್ಲೇ ಹೊಲಿಗೆ ಕಲಿಯಲು ಸೇರಿದರು. ಲಂಡನ್ನಿನಲ್ಲಿ ಕೇಟ್ ರೈಲಿ, ಪ್ಯಾರಿಸ್ಸಿನಲ್ಲಿ ಕ್ಯಾಲೊ ಸಹೋದರಿಯರು, ಆಮೇಲೆ ಜಾಕ್ ದೂಸೆ, ಹೀಗೆ ಹಲವರ ಬಳಿ ದುಡಿದು 1912ರಲ್ಲಿ ಸ್ವಂತ ಅಂಗಡಿ ತೆರೆದರು. ಕ್ರಾಸ್ ಕಟಿಂಗ್, ಅಂದರೆ ಬಟ್ಟೆಯನ್ನು ಅದರ ಎಳೆಗಳಿಗೆ ಓರೆಯಾಗಿ ಕತ್ತರಿಸುವುದು, ಅವರಿಗಿಂತ ಮೊದಲೂ ಇತ್ತು. ಬ್ಲೌಸಿನ ಕುತ್ತಿಗೆಗೆ ನಮ್ಮ ಟೈಲರುಗಳು ಇಡುವ ಕ್ರಾಸ್ ಪಟ್ಟಿಯ ಲೆಕ್ಕವೂ ಅದೇ. ಇಡೀ ಉಡುಪನ್ನೇ ಕ್ರಾಸಿನಲ್ಲಿ ಕತ್ತರಿಸಿ ನಿಲ್ಲಿಸಿದ್ದು ಅವರ ಹೆಚ್ಚುಗಾರಿಕೆ. ಗೌನಿಗೆ ಕೈ ಹಾಕುವ ಮುಂಚೆ ಎರಡು ಪ್ಯಾನೆಲ್‌ನ ಸ್ಕರ್ಟ್ ಹೊಲಿದರೆ ಈ ವಿದ್ಯೆಯ ಮುಕ್ಕಾಲು ಪಾಲು ಕೈಗೆ ಬರುತ್ತದೆ.

ಹಾಸು (ಬಟ್ಟೆಯ ಉದ್ದದ ಎಳೆ), ಹೊಕ್ಕು (ಅಡ್ಡ ಎಳೆ) ಎರಡೂ ನೆಟ್ಟಗೆ ಎಳೆದರೆ ಜಗ್ಗುವುದಿಲ್ಲ. 45 ಡಿಗ್ರಿಯಲ್ಲಿ ಎಳೆದಾಗ ಮಾತ್ರ ನೇಯ್ಗೆಯ ಚೌಕಗಳು ವಾಲಿ ವಜ್ರಾಕೃತಿಗೆ ತಿರುಗುತ್ತವೆ, ಬಟ್ಟೆ ಉದ್ದಕ್ಕೆ ಇಳಿದು ಅಗಲದಲ್ಲಿ ಕಿರಿದಾಗುತ್ತದೆ. ಕ್ರಾಸ್ ಉಡುಪಿನ ಅಂದವೂ ತೊಂದರೆಯೂ ಇದರಿಂದಲೇ. ನೂಲಿಗೆ ಬಿಗಿಯಾಗಿ ಹುರಿ ಕೊಟ್ಟು ನೇಯ್ದ ಕ್ರೇಪ್ ಇದಕ್ಕೆ ಎಲ್ಲಕ್ಕಿಂತ ಚೆನ್ನ, ಜಾರ್ಜೆಟ್ ಕೂಡ ಆದೀತು. ಆರ್ಗಂಜಾ, ಟಿಶ್ಯೂ, ಗಟ್ಟಿ ಬ್ರೊಕೇಡ್ ಬೇಡವೇ ಬೇಡ. ಹಳೆಯ ಮೈಸೂರು ರೇಷ್ಮೆ ಸೀರೆಯ ಕ್ರೇಪ್ ಅದ್ಭುತವಾಗಿ ಬೀಳುತ್ತದೆ, ಆದರೆ ಜರಿ ಅಂಚನ್ನು ಮೊದಲೇ ಬೇರ್ಪಡಿಸಿ. ಒಡಲು ಜಗ್ಗಿದಾಗ ಜರಿ ಜಗ್ಗದು, ಅಂಚಿನುದ್ದಕ್ಕೂ ಸುಕ್ಕು ಕಟ್ಟುತ್ತದೆ. ಆ ಅಂಚನ್ನು ಸೊಂಟಪಟ್ಟಿಗೆ ನೇರವಾಗಿ ಬಳಸಿಕೊಳ್ಳಿ.

ಅಳತೆಗೆ ಬರೋಣ. ಸೊಂಟ 28, ಹಿಪ್ 38, ಉದ್ದ 30 ಇಂಚು ಎಂದಿಟ್ಟುಕೊಳ್ಳಿ. ಪ್ರತಿ ಪ್ಯಾನೆಲ್ ಸೊಂಟದಲ್ಲಿ 14, ಸೊಂಟದಿಂದ 8 ಇಂಚು ಕೆಳಗೆ ಹಿಪ್‌ನಲ್ಲಿ 19½, ಕೆಳಗೆ 26 ಇಂಚು. ಟಕ್ಸ್ (ಸೊಂಟ ಕಿರಿದಾಗಿಸಲು ಹಾಕುವ ಮಡಿಕೆ ಹೊಲಿಗೆ) ಬೇಡ. ಈ ಅಳತೆಗೆ ಕಾಗದದ ಮಾದರಿ ಮಾಡಿಕೊಳ್ಳಿ. ಪಕ್ಕದ ಹೊಲಿಗೆಗೆ ಎರಡೂ ಕಡೆ ಒಂದೂವರೆ ಇಂಚು, ಉದ್ದಕ್ಕೆ ಒಟ್ಟು 3 ಇಂಚು ಹೆಚ್ಚಿಗೆ ಬಿಡಿ. ಹೀಗೆ 33ಕ್ಕೆ 29 ಇಂಚಾದ ಪ್ಯಾನೆಲನ್ನು ಓರೆಯಾಗಿಟ್ಟರೆ 44 ಇಂಚು ಅಗಲದ ಬಟ್ಟೆಯಲ್ಲಿ ಸರಿಯಾಗಿ ಹಿಡಿಸುತ್ತದೆ. ಎರಡಕ್ಕೂ ಸೇರಿ ಎರಡೂವರೆ ಮೀಟರ್ ತನ್ನಿ. ಪಾದದವರೆಗಿನ ಉದ್ದ ಬೇಕಾದರೆ ಈ ಅಗಲ ಸಾಲದು. ವಿಯೊನೆ ಎರಡು ಮೀಟರ್ ಅಗಲದ ಕ್ರೇಪನ್ನು ಹೇಳಿ ನೇಯಿಸುತ್ತಿದ್ದದ್ದು ಇದೇ ಕಾರಣಕ್ಕೆ. ನಮಗಾದರೆ ಮೂಲೆಯಲ್ಲಿ ತುಂಡು ಕೂಡಿಸಬೇಕು. ಆ ಜೋಡಣೆ ಹಾಸಿನ ಅಥವಾ ಹೊಕ್ಕಿನ ಎಳೆಯ ನೇರಕ್ಕೇ ಬರಲಿ.

ವಿಯೊನೆ ಮೊದಲು ಸುಮಾರು 80 ಸೆಂಟಿಮೀಟರ್ ಎತ್ತರದ ಮರದ ಗೊಂಬೆಯ ಮೇಲೆ ಬಟ್ಟೆ ಹೊದಿಸಿ ನೋಡುತ್ತಿದ್ದರು. ನೀವೂ ಎಲ್ಲ ಅಳತೆಯನ್ನು ಅರ್ಧಕ್ಕಿಳಿಸಿ, ಅಗ್ಗದ ಪಾಲಿಯೆಸ್ಟರ್ ಕ್ರೇಪ್ 60 ಸೆಂಟಿಮೀಟರ್ ತಂದು ಒಮ್ಮೆ ಹೊಲಿದು ನೋಡಿ. ಕೋರಾ ಬಟ್ಟೆಯಲ್ಲಿ ಪ್ರಯೋಗ ಮಾಡಿದರೆ ಪ್ರಯೋಜನವಿಲ್ಲ, ಅದು ಕ್ರೇಪ್‌ನಂತೆ ಇಳಿಯುವುದಿಲ್ಲ.

ಕತ್ತರಿಸುವ ಮುಂಚೆ ಹೊಕ್ಕಿನ ಒಂದು ಎಳೆ ಎಳೆದು ತೆಗೆದು, ಆ ಗೆರೆಯ ಮೇಲೇ ತುದಿಯನ್ನು ಸಮ ಮಾಡಿ. ಆ ತುದಿಯನ್ನು ಮಡಚಿ ಬಟ್ಟೆಯ ಉದ್ದದ ಅಂಚಿಗೆ ಕೂಡಿಸಿದರೆ ಮಡಿಕೆಯೇ ನಿಜವಾದ ಕ್ರಾಸ್ ಗೆರೆ. ಪ್ಯಾನೆಲ್‌ನ ನಡುಗೆರೆ ಕರಾರುವಾಕ್ಕಾಗಿ ಇದರ ಮೇಲಿರಬೇಕು. ಬಟ್ಟೆ ಉಳಿಸಲು ಸ್ವಲ್ಪ ವಾಲಿಸಿದರೆ ಉಟ್ಟು ನಡೆಯುವಾಗ ಸ್ಕರ್ಟ್ ಕಾಲಿಗೆ ಸುತ್ತಿಕೊಳ್ಳುತ್ತದೆ, ಆಮೇಲೆ ಅದಕ್ಕೆ ಮದ್ದಿಲ್ಲ. ಬಟ್ಟೆಯನ್ನು ಒಂದೇ ಪದರವಾಗಿ, ಅಡಿಗೆ ತೆಳು ಕಾಗದ ಹಾಸಿ, ಕಾಗದದ ಸಮೇತ ಕತ್ತರಿಸಿ. ಮಡಚಿ ಕತ್ತರಿಸಿದರೆ ಕೆಳಪದರ ಜಾರುತ್ತದೆ.

ಹೆಚ್ಚಿನವರು ಎಡವುವುದು ಇಲ್ಲಿ. ಮುಂಭಾಗದಲ್ಲಿ ಹಾಸಿನ ಎಳೆ ಎಡಕ್ಕೆ ಇಳಿದರೆ ಹಿಂಭಾಗದಲ್ಲಿ ಬಲಕ್ಕೆ ಇಳಿಯುವಂತೆ, ಕನ್ನಡಿ ಪ್ರತಿಬಿಂಬದ ಲೆಕ್ಕದಲ್ಲಿ ಪ್ಯಾನೆಲ್ ಇಡಿ. ಆಗ ಪಕ್ಕದ ಹೊಲಿಗೆಯಲ್ಲಿ ಒಂದೇ ಬಗೆಯ ಎಳೆಗಳು ಕೂಡುತ್ತವೆ. ಎರಡನ್ನೂ ಒಂದೇ ದಿಕ್ಕಿಗಿಟ್ಟು ಕತ್ತರಿಸಿದರೆ ಹೊಲಿಗೆಯ ಒಂದು ಮಗ್ಗುಲು ಹೆಚ್ಚು ಇಳಿದು, ಇನ್ನೊಂದು ಕಡಿಮೆ ಇಳಿದು ಸುಕ್ಕು ಬರುತ್ತದೆ. ಅನುಮಾನವಿದ್ದರೆ ಪ್ರಯೋಗಕ್ಕೆ ಗೆರೆಯ ಬಟ್ಟೆ ತನ್ನಿ: ಪಕ್ಕದಲ್ಲಿ ಗೆರೆಗಳು ಸೇರಿ ಬಾಣದ ತುದಿಯಂತಾದರೆ ಸರಿ.

ಕತ್ತರಿಸಿದ ಕೂಡಲೇ ಸೊಂಟದ ಭಾಗಕ್ಕೆ ಜಗ್ಗದ ಹತ್ತಿ ಟೇಪನ್ನು ಕೈಹೊಲಿಗೆಯಲ್ಲಿ ಕೂಡಿಸಿ. ಪ್ಯಾನೆಲ್‌ಗಳನ್ನು ಸೊಂಟದಿಂದ ಕ್ಲಿಪ್ ಹಾಕಿ ಒಂದೆರಡು ದಿನ ತೂಗುಬಿಡಿ. ಇಳಿಯುವಷ್ಟು ಇಳಿದ ಮೇಲೆ ಕಾಗದದ ಮಾದರಿಯನ್ನು ಮತ್ತೆ ಇಟ್ಟು ಪಕ್ಕದ ಗೆರೆಯನ್ನು ಹೊಸದಾಗಿ ಹಾಕಿಕೊಳ್ಳಿ. ಒಂದೂವರೆ ಇಂಚು ಹೆಚ್ಚಿಗೆ ಬಿಟ್ಟದ್ದು ಇದಕ್ಕೇ. ಹಬ್ಬ ನಾಳೆ ಎನ್ನುವಾಗ ಕ್ರಾಸ್ ಉಡುಪು ಶುರುಮಾಡಲೇಬೇಡಿ.

ಹೊಲಿಯಲು 9 ಅಥವಾ 11ನೇ ನಂಬರಿನ ಸೂಜಿ, ಪಾಲಿಯೆಸ್ಟರ್ ದಾರ ಸಾಕು. ಮೆಷಿನ್ನಿನಲ್ಲಿ ಬಟ್ಟೆಯನ್ನು ಒತ್ತಿಹಿಡಿಯುವ ಪಾದದ ಒತ್ತಡ ತಗ್ಗಿಸಿ, ಕೆಳಗಿನಿಂದ ಸೊಂಟದ ಕಡೆಗೆ ಹೊಲಿಯಿರಿ. ಹೊಲಿಗೆಯುದ್ದ 2.5 ಮಿ.ಮೀ., ಜಿಗ್‌ಜಾಗ್ ಅಗಲ ಅರ್ಧ ಮಿ.ಮೀ. ಬರಿಯ ನೇರ ಹೊಲಿಗೆ ಹಾಕಿದರೆ ಕೂತೇಳುವಾಗ ಬಟ್ಟೆ ಜಗ್ಗಿ ದಾರ ಪಟ್ಟನೆ ಹರಿಯುತ್ತದೆ. ಬಿಗಿ ಓವರ್‌ಲಾಕ್ ಹಾಕಿದರೆ ಅಂಚು ಅಲೆಅಲೆಯಾಗುತ್ತದೆ. ಹೊಲಿಗೆಯನ್ನು ಇಸ್ತ್ರಿ ಒತ್ತಿ ಕೂರಿಸಿ, ಪೆಟ್ಟಿಗೆಯನ್ನು ಎಳೆಯಬೇಡಿ. ಜಿಪ್ ಎಡಪಕ್ಕಕ್ಕೆ ಬರಲಿ, ಅಲ್ಲಿಗೂ ಮೊದಲು ಟೇಪ್ ಕೂಡಿಸಿ. ಇಲ್ಲವಾದರೆ ಜಿಪ್ ಹಾವಿನ ಹಾಗೆ ಸೊಟ್ಟಗಾಗುತ್ತದೆ.

ಪೂರ್ತಿ ಹೊಲಿದ ಸ್ಕರ್ಟನ್ನು ಇನ್ನೊಂದು ರಾತ್ರಿ ತೂಗುಹಾಕಿ. ಕೆಳ ಅಂಚನ್ನು ಮೇಜಿನ ಮೇಲೆ ಅಳೆಯಬಾರದು. ಉಡುವವರನ್ನು ಬರಿಗಾಲಲ್ಲಿ ನಿಲ್ಲಿಸಿ, ನೆಲಕ್ಕೆ ಸ್ಕೇಲ್ ಊರಿ, ಸುತ್ತಲೂ ಒಂದೇ ಎತ್ತರಕ್ಕೆ ಚಾಕ್ ಗುರುತು ಹಾಕಿ. ಕತ್ತರಿಸಿ ಕಾಲಿಂಚು ಮಡಿಕೆ ಹೊಲಿಯಿರಿ. ಅಗಲವಾಗಿ ಮಡಚಿದರೆ ಭಾರಕ್ಕೆ ಬಟ್ಟೆ ಮತ್ತೆ ಜಗ್ಗುತ್ತದೆ. ಬಳಸಿದ ಮೇಲೆ ಹ್ಯಾಂಗರಿಗೆ ಹಾಕದೆ, ಮಲ್ ಬಟ್ಟೆಯಲ್ಲಿ ಸುತ್ತಿ ಕಪಾಟಿನಲ್ಲಿ ಮಲಗಿಸಿಡಿ.